ಸಾಂತಾ ಮರಿಯ ಆಂಟಿಕ್ವಾದ ಗೋಡೆಯನ್ನು ನೋಡುವ ಬಗೆ

ರೋಮಿನ ಪುರಾತನ ಫೋರಮ್ಮಿನಲ್ಲಿ, ಪ್ಯಾಲಟೈನ್ ಗುಡ್ಡದ ಬುಡದಲ್ಲಿರುವ ಸಾಂತಾ ಮರಿಯ ಆಂಟಿಕ್ವಾ ಇಗರ್ಜಿಯು ಚಕ್ರವರ್ತಿಗಳ ಕಾಲದ ಕಟ್ಟಡವೊಂದರೊಳಗೆ ಆರನೆಯ ಶತಮಾನದಲ್ಲಿ ರೂಪುಗೊಂಡಿತು. 847ರ ಭೂಕಂಪದಲ್ಲಿ ಹೂತುಹೋದ ಅದನ್ನು 1900ರಲ್ಲಿ ಜಾಕೊಮೊ ಬೋನಿ ಉತ್ಖನನ ನಡೆಸಿ ಹೊರತೆಗೆದರು. ಮಣ್ಣಿನಡಿ ಸೇರಿದ್ದರಿಂದಲೇ ಇಲ್ಲಿನ ಚಿತ್ರಗಳು ನಂತರದ ಶತಮಾನಗಳ ಜೀರ್ಣೋದ್ಧಾರದ ಉತ್ಸಾಹದಿಂದ ಪಾರಾದವೆನ್ನಬೇಕು.

ಹೊಸ ನೋಡುಗರು ಬಲಿಪೀಠದ ಹಿಂದಿನ ಅರ್ಧವೃತ್ತಾಕಾರದ ಗೂಡಿನ ಬಲಕ್ಕಿರುವ ಗೋಡೆಯಿಂದ ಆರಂಭಿಸುವುದು ಒಳಿತು. ಒಂದು ಬರಹವನ್ನು ಅಳಿಸಿ ಅದರ ಮೇಲೆ ಮತ್ತೊಂದನ್ನು ಬರೆದ ಹಸ್ತಪ್ರತಿಗೆ ಪ್ಯಾಲಿಂಪ್ಸೆಸ್ಟ್ ಎನ್ನುತ್ತಾರೆ. ಗಾರೆಯ ಮೇಲೆ ಗಾರೆ ಬಳಿದು ಮತ್ತೆಮತ್ತೆ ಚಿತ್ರಿಸಲಾದ ಈ ಗೋಡೆಗೂ ವಿದ್ವಾಂಸರು ಅದೇ ಹೆಸರಿಟ್ಟಿದ್ದಾರೆ. ಎಲ್ಲಕ್ಕೂ ಕೆಳಗಿನ ಚಿತ್ರದಲ್ಲಿ ರತ್ನಖಚಿತ ಉಡುಪಿನ ಮಾತೆ ಮರಿಯ ರಾಣಿಯಂತೆ ಸಿಂಹಾಸನದ ಮೇಲೆ ನೆಟ್ಟನೋಟದಿಂದ, ಬಿಗಿಯಾಗಿ ಕುಳಿತಿದ್ದಾಳೆ. ಅದರ ಮೇಲಿನ ಪದರದಲ್ಲಿ ಮಂಗಳವಾರ್ತೆಯ, ಎಂದರೆ ಗೇಬ್ರಿಯೆಲ್ ಮರಿಯಳಿಗೆ ಕ್ರಿಸ್ತನ ಜನನವನ್ನು ಮುನ್ಸೂಚಿಸಿದ ಪ್ರಸಂಗದ, ದೇವದೂತನ ಮುಖವು ನೆರಳುಬೆಳಕಿನ ನವುರಾದ ಹದದಲ್ಲಿ ಜೀವಂತವಾಗಿ ಕಾಣುತ್ತದೆ. ಪ್ರಾಚೀನ ರೋಮಿನ ಸಹಜಶೈಲಿ ಕ್ರಮೇಣ ಬಿರುಸಾಗುತ್ತ ಹೋಯಿತೆಂಬ ಪಾಠವನ್ನು ನಂಬಿದವರು ನವುರಾದುದೇ ಹಳೆಯದೆಂದು ತೀರ್ಮಾನಿಸುತ್ತಾರೆ. ಗಾರೆಯ ಅಂಚು ಅದಕ್ಕೆ ತದ್ವಿರುದ್ಧವಾದ ಸಾಕ್ಷ್ಯ ನುಡಿಯುತ್ತದೆ. ಆದ್ದರಿಂದ ಮುಖಗಳ ಚೆಲುವಿಗೆ ಮನಸೋಲುವ ಮೊದಲು ಯಾವ ಪದರ ಯಾವುದನ್ನು ಮುಚ್ಚಿದೆ, ಯಾವುದು ಎಲ್ಲಿ ತುಂಡಾಗಿದೆ ಎಂಬುದನ್ನು ಗಮನಿಸಬೇಕು. ರಾಣಿ ಮರಿಯಳ ಒಂದು ಬದಿಯ ದೇವದೂತ ಈಗಿಲ್ಲ. ಗೂಡನ್ನು ಕೊರೆದಾಗ ಗೋಡೆಯ ಆ ಭಾಗವೇ ಹೋಯಿತು, ಅಂದರೆ ಆ ಚಿತ್ರವು ಗೂಡಿಗಿಂತ ಹಳೆಯದು.

ಪದರಗಳ ಕ್ರಮವು ಯಾವುದು ಮೊದಲೆಂಬುದನ್ನು ಹೇಳೀತೇ ಹೊರತು ವರ್ಷವನ್ನಲ್ಲ. ವರ್ಷಕ್ಕಾಗಿ ಬೇರೆ ಆಧಾರಗಳು ಬೇಕಾಗುತ್ತವೆ. ಇಗರ್ಜಿಯ ಕಂಬವೊಂದರ ಬುಡದಲ್ಲಿ ದೊರೆತ ಎರಡನೆಯ ಜಸ್ಟಿನ್ (565–578) ಚಕ್ರವರ್ತಿಯ ನಾಣ್ಯವು ಆ ಕಂಬ ನಿಂತದ್ದು ಅದಕ್ಕಿಂತ ಮೊದಲಲ್ಲ ಎಂಬ ಮಿತಿಯನ್ನು ಹಾಕುತ್ತದೆ. ಮಂಗಳವಾರ್ತೆಯ ಮೇಲಿನ ಪದರದಲ್ಲಿ ಚಿತ್ರಿತರಾದ ಧರ್ಮಪಿತೃಗಳು, ಎಂದರೆ ಆದಿಕಾಲದ ಕ್ರೈಸ್ತ ಧರ್ಮಗುರುಗಳು, ಹಿಡಿದ ಸುರುಳಿಗಳ ಗ್ರೀಕ್ ಬರಹವು 649ರ ಲ್ಯಾಟರನ್ ಧರ್ಮಸಭೆಯಲ್ಲಿ ಉಲ್ಲೇಖಗೊಂಡ ವಾಕ್ಯಗಳೊಂದಿಗೆ ಹೊಂದಿಕೊಳ್ಳುವುದನ್ನು ವಿದ್ವಾಂಸ ಗೋರ್ಡನ್ ರಶ್‌ಫರ್ತ್ ಗುರುತಿಸಿದ್ದು ಈ ಗೋಡೆಯ ಅಧ್ಯಯನಕ್ಕೆ ಗಟ್ಟಿ ನೆಲೆಯನ್ನೊದಗಿಸಿತು. ಆ ಪದರಕ್ಕೂ ಮೇಲಿನದು ಏಳನೆಯ ಜಾನ್ ಪೋಪರ (705–707) ಕಾಲದ್ದು.

ಕಾಲವನ್ನು ಗುರುತಿಸಲು ಚಿತ್ರದೊಳಗೇ ಸಿಗುವ ಮತ್ತೊಂದು ಬಗೆಯ ಸುಳಿವೂ ಇದೆ. ಪಕ್ಕದ ಥಿಯೊಡೋಟಸ್ ಪ್ರಾರ್ಥನಾಲಯದಲ್ಲಿ ಜಕರಿಯಸ್ ಪೋಪರ (741–752) ತಲೆಯ ಹಿಂದೆ ಸಂತರಿಗಿರುವ ದುಂಡನೆಯ ಪ್ರಭಾವಳಿಯ ಬದಲು ಚೌಕಾಕಾರದ್ದೊಂದಿದೆ. ಚಿತ್ರ ಬರೆಯುವಾಗ ಆ ವ್ಯಕ್ತಿ ಬದುಕಿದ್ದನೆಂಬುದಕ್ಕೆ ಅದನ್ನು ಗುರುತಾಗಿ ಓದಲಾಗುತ್ತದೆ.