ನೊಂದವಳ ಮಾತು, ಕೇಳಿದವಳ ಉತ್ತರ: ‘ಕೆರೆಗೆ ಹಾರ’ ಮತ್ತು ಆಪ್ತಸಮಾಲೋಚನೆ

ಕನ್ನಡದ ಕಥನಗೀತಗಳಲ್ಲಿ ‘ಕೆರೆಗೆ ಹಾರ’ದಷ್ಟು ತರಗತಿಯ ಪ್ರಸಿದ್ಧಿಯನ್ನು ಪಡೆದುದು ಬೇರೊಂದಿಲ್ಲವೆಂದರೆ ಸಲ್ಲುತ್ತದೆ. ಕಲ್ಲನಕೇರಿಯ ಮಲ್ಲನಗೌಡನು ಕೆರೆಯನ್ನು ಕಟ್ಟಿಸಿದನು. ಹನಿ ನೀರು ಬರಲಿಲ್ಲ. ಹೊತ್ತಗೆಯನ್ನು ತೆಗೆಸಿ ನೋಡಲಾಗಿ ಸೊಸೆಯೊಬ್ಬಳನ್ನು ಬಲಿಗೊಡಬೇಕೆಂದು ತಿಳಿದುಬಂದಿತು. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನವನ್ನು ನಡೆಸುವವರಾರು ಎಂಬ ಲೆಕ್ಕಾಚಾರದಿಂದ ಕಿರಿಯವಳಾದ ಭಾಗೀರಥಿಯನ್ನು ಆರಿಸಿದರು. ಅವಳು ನೀರಿನ ಪಾಲಾದಳು. ದಂಡಿನಿಂದ ಮರಳಿದ ಪತಿ ಮಾದೇವರಾಯನು ಅದೇ ಕೆರೆಗೆ ಬಿದ್ದು ಪ್ರಾಣ ಬಿಟ್ಟನು. ಊರಿನ ಹಿತಕ್ಕಾಗಿ ಜೀವವನ್ನೊಪ್ಪಿಸಿದ ಸಾಧ್ವಿಯ ತ್ಯಾಗವೇ ಈ ಗೀತದ ತಿರುಳೆಂದು ನಮ್ಮ ವಿದ್ಯಾರ್ಥಿಗಳು ವರ್ಷವರ್ಷವೂ ಪರೀಕ್ಷೆಯಲ್ಲಿ ಬರೆಯುತ್ತಾರೆ. ನಾವೂ ಅದಕ್ಕೆ ಅಂಕಗಳನ್ನು ಕೊಡುತ್ತ ಬಂದಿದ್ದೇವೆ.

ಕಳೆದ ವರ್ಷ ಈ ಗೀತವನ್ನು ಪಾಠ ಹೇಳುತ್ತಿದ್ದಾಗ ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, ‘ಗೆಳತಿಗೆ ಎಲ್ಲ ಗೊತ್ತಿತ್ತಲ್ಲ ಸಾರ್, ಅವಳು ಯಾರಿಗೆ ಹೇಳಬೇಕಾಗಿತ್ತು?’ ಎಂದು ಕೇಳಿದಳು. ಅದು ಪಠ್ಯದಲ್ಲಿಲ್ಲವೆಂದು ಹೇಳಿ ನಾವು ಮುಂದಿನ ಪದ್ಯಕ್ಕೆ ಹೋದೆವು. ಆ ಉತ್ತರವು ನಮಗೇ ತೃಪ್ತಿಕರವಾಗಿ ತೋರದಿರುವುದೇ ಈ ಲೇಖನಕ್ಕೆ ಕಾರಣ.

ಗೀತದ ನಡುಭಾಗವನ್ನು ಸಾವಧಾನದಿಂದ ಓದಿದವರಿಗೆ ಒಂದು ಸಂಗತಿ ತೋರದೆ ಇರದು. ಬಲಿಯ ನಿರ್ಧಾರವಾದ ಮೇಲೆ, ಬಲಿ ನಡೆಯುವುದಕ್ಕೆ ಮುನ್ನ, ಭಾಗೀರಥಿ ತವರಿಗೆ ನಡೆದುಹೋಗುತ್ತಾಳೆ. ತ್ಯಾಗಕ್ಕೆ ಮನಸ್ಸನ್ನು ಅಣಿಗೊಳಿಸಿಕೊಂಡವಳಿಗೆ ಈ ನಡಿಗೆಯ ಅಗತ್ಯವೇನಿತ್ತು? ಅವಳು ಹೋದದ್ದು ಯಾರಾದರೂ ಕೇಳಿಯಾರೆಂದು. ತಂದೆ ಕೇಳುತ್ತಾನೆ ಕೂಡ: ಎಂದೂ ಬಾರದವಳು ಇಂದೇಕೆ ಬಂದೆ, ಕಣ್ಣೀರೇಕೆ ಎಂದು. ಆಗ ಅವಳು ಹೇಳುವುದು ನಿಜವನ್ನಲ್ಲ. ಅತ್ತೆಮಾವಂದಿರು ತನ್ನನ್ನು ಬೇರೆ ಇಡುತ್ತಾರಂತೆ ಎಂದು ಬೇರೊಂದು ದುಃಖವನ್ನು ಮುಂದೊಡ್ಡುತ್ತಾಳೆ. ಇಟ್ಟರೆ ಇಡಲಿ, ಅದಕ್ಕೇಕೆ ಅಳು ಎಂಬ ಧಾಟಿಯ ಸಮಾಧಾನ ಅವಳಿಗೆ ದೊರಕುತ್ತದೆ. ತವರಿನವರು ಕೆಟ್ಟವರಲ್ಲ, ಮಗಳ ಮೇಲೆ ಪ್ರೀತಿಯಿಲ್ಲದವರೂ ಅಲ್ಲ. ಆದರೆ ಬೇರೆ ಮನೆ ಮಾಡುವಷ್ಟಕ್ಕೆ ಇಷ್ಟು ಕಣ್ಣೀರೇ ಎಂಬ ಎರಡನೆಯ ಪ್ರಶ್ನೆ ಯಾರ ಬಾಯಿಂದಲೂ ಬರುವುದಿಲ್ಲ. ಮೊದಲ ದೂರಿಗೇ ಉತ್ತರ ಕೊಟ್ಟು ಅವರು ಮಾತನ್ನು ಮುಗಿಸುತ್ತಾರೆ.

ಇಂದು ಆಪ್ತಸಮಾಲೋಚನೆಯೆಂದು ಕರೆಯುವ ಕಾರ್ಯದಲ್ಲಿ ಪಳಗಿದವರು ಬಲ್ಲ ಮೊದಲ ಪಾಠವೇ ಇದು. ಮನೆಯೊಳಗೆ ಪೆಟ್ಟು ತಿನ್ನುವ ಹೆಂಗಸು ಮೊದಲು ಹೇಳುವುದು ತಲೆನೋವನ್ನು, ನಿದ್ರೆ ಬಾರದಿರುವುದನ್ನು, ಸಂಬಳದ ಹಣ ಸಾಲದಿರುವುದನ್ನು. ಕೇಳುವವನ ಮುಖವನ್ನು ನೋಡಿಕೊಂಡು ಆಮೇಲೆ ಉಳಿದುದನ್ನು ಹೇಳುತ್ತಾಳೆ, ಅಥವಾ ಹೇಳದೆ ಎದ್ದುಹೋಗುತ್ತಾಳೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆಯನ್ನು ಅನುಭವಿಸಿದೆವೆಂದ ಭಾರತದ ಸ್ತ್ರೀಯರಲ್ಲಿ ನೆರವನ್ನು ಅರಸಿದವರು ಶೇಕಡಾ ೧೪ ಮಾತ್ರ. ನೆರವನ್ನೂ ಕೇಳದೆ ಯಾರೊಡನೆಯೂ ಆಡದೆ ಉಳಿದವರು ಶೇಕಡಾ ೭೭. ಅದೇ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆಯಾಯಿತೆಂದ ಕರ್ನಾಟಕದ ಸ್ತ್ರೀಯರ ಪ್ರಮಾಣ ಶೇಕಡಾ ೪೪ನ್ನು ಮೀರಿ, ರಾಜ್ಯಗಳಲ್ಲೆಲ್ಲ ಹೆಚ್ಚಿನದಾಗಿತ್ತು. ನೆರವನ್ನು ಅರಸಿದವರು ಮೊದಲು ಹೋಗುವುದು ತಮ್ಮ ಮನೆಯವರ ಬಳಿಗೇ. ಭಾಗೀರಥಿಯ ದಾರಿ ಇನ್ನೂ ಸವೆದಿಲ್ಲ.

ತವರಿನಲ್ಲಿ ಆಡದ ನಿಜವನ್ನು ಭಾಗೀರಥಿ ಗೆಳತಿಯ ಮುಂದೆ ಆಡುತ್ತಾಳೆ. ಗೀತದ ಅತ್ಯಂತ ಸೂಕ್ಷ್ಮವಾದ ಸ್ಥಳವಿದು. ಗೆಳತಿ ಅವಳನ್ನು ನಂಬುತ್ತಾಳೆ, ನೀನು ಹೇಳುವುದು ಸುಳ್ಳೆನ್ನುವುದಿಲ್ಲ, ನಿನ್ನದೇ ತಪ್ಪಿರಬೇಕೆನ್ನುವುದಿಲ್ಲ. ಕೇಳುವವರಲ್ಲಿ ಇರಬೇಕಾದ ಗುಣಗಳಲ್ಲಿ ಮುಕ್ಕಾಲು ಪಾಲು ಅವಳಲ್ಲಿವೆ. ಆದರೆ ಅವಳ ಉತ್ತರ? ಹಿರಿಯರು ಕೊಟ್ಟ ಮೇಲೆ ಆಯಿತು, ಇಟ್ಟ ಹಾಗೆ ಇರಬೇಕು ಎಂಬ ಅರ್ಥದ ಮಾತು. ಅದನ್ನು ಕೇಳಿ ಭಾಗೀರಥಿ ಅತ್ತೆಯ ಮನೆಗೆ ಹಿಂದಿರುಗುತ್ತಾಳೆ. ಕೆರೆಯ ದಂಡೆಯಲ್ಲಿ ಬೇಕೆಂದೇ ಬಿಟ್ಟುಬಂದ ಬಂಗಾರದ ಬಟ್ಟಲನ್ನು ತರಲು ಒಬ್ಬೊಬ್ಬರೂ ನಿರಾಕರಿಸಿದಾಗ, ಎಲ್ಲವನ್ನೂ ತಿಳಿದೇ ಅವಳು ಹೊರಡುತ್ತಾಳೆ. ಹೆಜ್ಜೆಹೆಜ್ಜೆಗೂ ನೀರು ಏರುತ್ತದೆ. ತ್ಯಾಗವೆಂದು ನಾವು ಕೊಂಡಾಡುವ ಆ ಒಪ್ಪಿಗೆಯು ಅವಳಲ್ಲಿ ಹುಟ್ಟಿದುದಲ್ಲ. ಕೊನೆಯ ಬಾಗಿಲೂ ಮುಚ್ಚಿದ ಮೇಲೆ ಉಳಿದುದು. ಗೀತವನ್ನು ಕಟ್ಟಿದ ಅಜ್ಞಾತ ಕವಿಗೆ ಇದು ತಿಳಿದಿತ್ತೆಂದೇ ನಮ್ಮ ನಂಬಿಕೆ. ಇಲ್ಲವಾದರೆ ಬಲಿಗೂ ನಿರ್ಧಾರಕ್ಕೂ ನಡುವೆ ಈ ಬಾಗಿಲುಗಳನ್ನೆಲ್ಲ ಸಾಲಾಗಿ ಇಡುತ್ತಿರಲಿಲ್ಲ.

೨೦೦೫ರ ಕಾಯಿದೆಯ ಕಾಲದವರು ಹಳೆಯ ಹಾಡಿನ ಗೆಳತಿಯನ್ನು ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವೇ ಎಂದು ಯಾರಾದರೂ ಆಕ್ಷೇಪಿಸಬಹುದು. ನಾವು ಅವಳನ್ನು ದೂರುತ್ತಿಲ್ಲ. ಅವಳ ಮಾತು ಅವಳ ಲೋಕ ಅವಳಿಗೆ ಕಲಿಸಿದ ಮಾತು. ಆದರೆ ಅದೇ ಮಾತು ಇಂದಿಗೂ ಪೋಲೀಸ್ ಠಾಣೆಯ ಬೆಂಚಿನ ಮೇಲೆ, ನೆಂಟರ ಪಂಚಾಯಿತಿಯಲ್ಲಿ, ಕೆಲವೊಮ್ಮೆ ಸಮಾಲೋಚಕರೆಂಬ ಫಲಕದ ಕೆಳಗೂ ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ’ ಎಂಬ ರೂಪದಲ್ಲಿ ಕೇಳಿಬರುತ್ತದೆಯೆಂಬುದನ್ನು ಮರೆಯುವಂತಿಲ್ಲ.

ಕಾರ್ನಾಡರ ‘ನಾಗಮಂಡಲ’ದಲ್ಲಿಯೂ ಇಂಥದೇ ಒಂದು ಸಂದರ್ಭವುಂಟು. ಅಪ್ಪಣ್ಣನು ಹೆಂಡತಿ ರಾಣಿಯನ್ನು ಮನೆಯಲ್ಲಿಟ್ಟು ಬೀಗ ಜಡಿದುಹೋಗುತ್ತಾನೆ. ಮಧ್ಯಾಹ್ನ ಊಟಕ್ಕೆ ಮಾತ್ರ ಬರುತ್ತಾನೆ. ಕಿಟಕಿಯ ಹೊರಗಿನಿಂದ ಅವಳೊಡನೆ ಮಾತನಾಡುವವಳು ಕುರುಡವ್ವ. ಕಣ್ಣಿಲ್ಲದವಳೇ ರಾಣಿಯ ಸ್ಥಿತಿಯನ್ನು ಕಂಡುಕೊಳ್ಳುವುದು ನಾಟಕಕಾರರ ಚಮತ್ಕಾರ. ಆದರೆ ಅವಳು ಕೊಡುವುದು ಗಂಡನ ಮನಸ್ಸನ್ನು ಒಲಿಸುವ ಬೇರನ್ನು. ಬೀಗವನ್ನು ಕುರಿತು ಏನೂ ಮಾಡಲಾರಳು. ಮುಂದೆ ಊರ ಹಿರಿಯರು ಕೂಡಿದಾಗಲೂ ಪರೀಕ್ಷೆಗೆ ಗುರಿಯಾಗುವವಳು ರಾಣಿ; ಹೆಂಡತಿಯನ್ನು ಕೂಡಿಹಾಕಿದವನಿಗೆ ಪರೀಕ್ಷೆಯಿಲ್ಲ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿಯನ್ನೂ ಇಲ್ಲಿ ನೆನೆಯಬಹುದು. ಆಸ್ಪತ್ರೆಯಲ್ಲಿ ವಾಸಿಯಾದವಳು ಸಂಶಯದ ಕಣ್ಣುಗಳು ತುಂಬಿದ ಮನೆಗೇ ಮರಳಬೇಕಾಗುತ್ತದೆ. ಚಿಕಿತ್ಸೆ ದೊರೆತದ್ದು ಅವಳಿಗೆ, ಮನೆಗೆ ಚಿಕಿತ್ಸೆಯಾಗಲಿಲ್ಲ.

ಪದಗಳನ್ನೂ ಸ್ವಲ್ಪ ವಿಚಾರಿಸುವುದು ಉಚಿತ. ರಾಜ್ಯ ಸರಕಾರವು ೨೦೦೦–೦೧ರಲ್ಲಿ ನೊಂದ ಮಹಿಳೆಯರಿಗಾಗಿ ಆರಂಭಿಸಿದ ಯೋಜನೆಗೆ ‘ಸಾಂತ್ವನ’ವೆಂದು ಹೆಸರಿಟ್ಟಿತು, ಕೇಂದ್ರ ಸರಕಾರವು ೨೦೧೫ರಲ್ಲಿ ಚಿಕಿತ್ಸೆ, ಪೋಲೀಸು, ಕಾನೂನು, ತಂಗುದಾಣಗಳ ನೆರವನ್ನು ಒಂದೇ ಕಡೆ ಒದಗಿಸಲು ತೆರೆದ ಕೇಂದ್ರಗಳಿಗೆ ‘ಸಖಿ’ಯೆಂದು ಹೆಸರಿಟ್ಟಿತು. ಎರಡೂ ಇಂಪಾದ ಹೆಸರುಗಳೇ. ಆದರೆ ತವರಿನಲ್ಲಿ ಭಾಗೀರಥಿಗೆ ದೊರೆತದ್ದು ಸಾಂತ್ವನವೇ. ಅವಳ ಗೆಳತಿಯೂ ಸಖಿಯೇ. ಆಪ್ತಸಮಾಲೋಚನೆ ಎಂಬ ಪದ ಇವೆರಡಕ್ಕಿಂತ ಮೇಲೆಂದು ನಮಗೆ ತೋರುತ್ತದೆ. ಅದರಲ್ಲಿ ಆಪ್ತತೆಯಿದೆ, ಜೊತೆಗೆ ಕೂಡಿ ಆಲೋಚಿಸುವ ಕೆಲಸವೂ ಇದೆ. ಗೆಳತಿ ಆಪ್ತಳಾಗಿದ್ದಳು, ಅವಳೊಡನೆ ಕೂಡಿ ಆಲೋಚಿಸಲಿಲ್ಲ. ಎಷ್ಟು ದಿನಗಳಿವೆ, ಗಂಡನಿಗೆ ಸುದ್ದಿ ಕಳುಹಿಸಬಹುದೆ, ಇಂದು ರಾತ್ರಿ ಇಲ್ಲಿಯೇ ಉಳಿಯುವೆಯಾ, ನಿನಗೇನು ಬೇಕು ಎಂಬ ನಾಲ್ಕು ಪ್ರಶ್ನೆಗಳನ್ನು ಅವಳು ಕೇಳಿದ್ದರೆ ಕಥೆ ಬೇರೆಯಾಗುತ್ತಿತ್ತು. ಕೊನೆಯ ಪ್ರಶ್ನೆಯನ್ನಂತೂ ಗೀತದುದ್ದಕ್ಕೂ ಒಬ್ಬರೂ ಭಾಗೀರಥಿಗೆ ಕೇಳಿಲ್ಲ.

ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ೨೦೦೫ರ ಅಧಿನಿಯಮವು ೨೦೦೬ರ ಅಕ್ಟೋಬರ್ ೨೬ರಂದು ಜಾರಿಗೆ ಬಂದಿತು. ಪೆಟ್ಟನ್ನು ಮಾತ್ರವಲ್ಲದೆ ಬೈಗಳನ್ನೂ ಅವಮಾನವನ್ನೂ ಹಣಕಾಸಿನ ಹಿಡಿತವನ್ನೂ ಅದು ಹಿಂಸೆಯೆಂದು ಪರಿಗಣಿಸುತ್ತದೆ. ಗಂಡನೊಡನೆ ಬಾಳಿದ ಮನೆಯಲ್ಲಿ ಇರುವ ಹಕ್ಕನ್ನು ಹೆಂಗಸಿಗೆ ಕೊಡುತ್ತದೆ. ಸಮಾಲೋಚನೆಯ ರೀತಿಯನ್ನು ಹೇಳುವ ಅದರ ೧೪ನೆಯ ನಿಯಮವನ್ನು ಸಾಹಿತ್ಯದ ವಿದ್ಯಾರ್ಥಿಗಳೂ ಒಮ್ಮೆ ಓದುವುದು ಒಳ್ಳೆಯದು. ಹಿಂಸೆ ಮಾಡಿದವನು ಅದಕ್ಕೆ ಸಮರ್ಥನೆಯನ್ನು ಹೇಳಲು ಸಮಾಲೋಚನೆಯಲ್ಲಿ ಅವಕಾಶವಿಲ್ಲ. ಈ ಸಂಗತಿಯನ್ನು ಅವನಿಗೆ ಮೊದಲೇ ತಿಳಿಸಿರಬೇಕು. ಮುಂದೆ ಹಾಗೆ ಮಾಡೆನೆಂಬ ಮುಚ್ಚಳಿಕೆಯನ್ನು ಅವನಿಂದ ಪಡೆಯಬೇಕು. ರಾಜಿಯ ಮಾತು ನೊಂದವಳು ಬಯಸಿದರೆ ಮಾತ್ರ. ಅಡುಗೆ ಸರಿಯಿರಲಿಲ್ಲ, ಎದುರು ಮಾತಾಡಿದಳು ಎಂಬ ನೆಪಗಳನ್ನು ಬಾಗಿಲಲ್ಲೇ ನಿಲ್ಲಿಸುವ ಈ ನಿಯಮವು ಒಂದು ಬಗೆಯಲ್ಲಿ ಗೆಳತಿಯ ಉತ್ತರದ ತಿದ್ದುಪಡಿಯೇ ಆಗಿದೆ.

ಅಧಿನಿಯಮದಲ್ಲಿ ನಾವು ಒಪ್ಪಲಾರದ ಅಂಶವೂ ಒಂದಿದೆ. ಅದರ ೧೪ನೆಯ ಪ್ರಕರಣವು ಇಬ್ಬರನ್ನೂ ಬೇರೆಬೇರೆಯಾಗಿ ಅಥವಾ ಒಟ್ಟಿಗೆ ಸಮಾಲೋಚನೆಗೆ ಕಳುಹಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಡುತ್ತದೆ. ಒಟ್ಟಿಗೆ ಕುಳಿತಾಗ ಹೆಂಗಸು ಬೇರೆ ಮನೆಯ ಕಥೆಯನ್ನೇ ಹೇಳುವಳಲ್ಲದೆ ಕೆರೆಯ ಕಥೆಯನ್ನು ಹೇಳಲಾರಳು. ಸಂಜೆ ಅವನೊಡನೆ ಅದೇ ಮನೆಗೆ ಹೋಗಬೇಕಾದವಳಿಂದ ನಾವು ಸತ್ಯವನ್ನು ನಿರೀಕ್ಷಿಸುವುದಾದರೂ ಹೇಗೆ? ‘ಒಟ್ಟಿಗೆ’ ಎಂಬುದಕ್ಕೆ ಅವಳ ಸ್ವತಂತ್ರವಾದ ಒಪ್ಪಿಗೆಯನ್ನು ಷರತ್ತಾಗಿ ಇಟ್ಟಿದ್ದರೆ ಲೇಸಾಗುತ್ತಿತ್ತು. ೧೯೮೪ರ ಕುಟುಂಬ ನ್ಯಾಯಾಲಯಗಳ ಅಧಿನಿಯಮವಂತೂ ರಾಜಿಯ ಪ್ರಯತ್ನವನ್ನು ನ್ಯಾಯಾಲಯದ ಮೊದಲ ಕರ್ತವ್ಯವಾಗಿಯೇ ಮಾಡಿದೆ. ಆಸ್ತಿಯ ವ್ಯಾಜ್ಯಕ್ಕೆ ಅದು ಒಪ್ಪಬಹುದು; ಪೆಟ್ಟಿನ ವಿಷಯದಲ್ಲಿ ರಾಜಿಯೆಂದರೆ ಎಷ್ಟು ಪೆಟ್ಟು ಎಂಬ ಚೌಕಾಸಿಯಾಗಿಬಿಡುವ ಅಪಾಯವಿದೆ.

ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಹೆಂಡತಿಯನ್ನು ಅರಸುತ್ತ ಮಾದೇವರಾಯನು ಗೆಳತಿಯ ಮನೆಗೆ ಬಂದಾಗ ಅವಳು ನಡೆದುದನ್ನು ಮುಚ್ಚಿಡದೆ ಹೇಳುತ್ತಾಳೆ. ಹೇಳಬಲ್ಲವಳೇ ಆಗಿದ್ದಳು, ಹೇಳಿದ್ದು ಭಾಗೀರಥಿ ಮುಳುಗಿದ ಮೇಲೆ. ಗುಟ್ಟನ್ನು ಕಾಯುವುದು ಸಮಾಲೋಚಕರ ಧರ್ಮವೆಂಬುದು ನಿಜ. ಪ್ರಾಣಕ್ಕೆ ಅಪಾಯವಿರುವಲ್ಲಿ ಆ ಧರ್ಮಕ್ಕೆ ಎಲ್ಲೆಯುಂಟು. ಅಧಿನಿಯಮದ ೪ನೆಯ ಪ್ರಕರಣದಂತೆ, ಹಿಂಸೆ ನಡೆದಿದೆಯೆಂದು ಅಥವಾ ನಡೆಯುವ ಸಂಭವವಿದೆಯೆಂದು ನಂಬಲು ಕಾರಣವುಳ್ಳ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಯಾವ ಹೊಣೆಗಾರಿಕೆಯೂ ಬರುವುದಿಲ್ಲ. ಗೆಳತಿ, ನೆರೆಯವಳು, ಅಧ್ಯಾಪಕ ಎಲ್ಲರೂ ಈ ‘ಯಾರೇ ಆಗಲಿ’ ಎಂಬುದರೊಳಗೆ ಸೇರುತ್ತಾರೆ. ೧೮೧ರ ಮಹಿಳಾ ಸಹಾಯವಾಣಿಯೂ ಇದೆ. ಈ ವರ್ಷ ಗೀತವನ್ನು ಪಾಠ ಹೇಳುವಾಗ ಗೆಳತಿಯ ಮನೆಯ ಭಾಗಕ್ಕೆ ಒಂದು ಇಡೀ ತಾಸನ್ನು ಮೀಸಲಿಟ್ಟಿದ್ದೇವೆ. ತರಗತಿ ಮುಗಿದ ಮೇಲೆ ಕೊಠಡಿಯ ಬಾಗಿಲನ್ನು ಅರ್ಧ ಗಂಟೆ ತೆರೆದಿಡುವುದೆಂದೂ ನಿಶ್ಚಯಿಸಿದ್ದೇವೆ. ಬಂದವರು ಮೊದಲು ಹೇಳುವುದು ಹಾಜರಾತಿಯ ಕೊರತೆಯನ್ನೇ ಆಗಿರಬಹುದು.