ಅಶ್ವತ್ಥಾಮನ ಬಾಲ್ಯ

ವ್ಯಾಸಭಾರತದ ಸೌಪ್ತಿಕಪರ್ವವನ್ನೋದಿದವರು ಅಶ್ವತ್ಥಾಮನನ್ನು ನಿಂದಿಸಿ ಗ್ರಂಥವನ್ನು ಮುಚ್ಚುವುದುಂಟು. ನಿದ್ರಿಸುತ್ತಿದ್ದ ದ್ರೌಪದೇಯರನ್ನು ಕೊಂದ ಕ್ರೌರ್ಯಕ್ಕೆ ತಂದೆಯ ಕಪಟವಧೆಯು ಕಿಡಿಯಾದುದು ನಿಜ, ಇಂಧನವು ಹಳೆಯದು. ಹಿಟ್ಟು ಕದಡಿದ ನೀರನ್ನು ಹಾಲೆಂದು ಕುಡಿದು ಕುಣಿದ ಬಾಲಕನನ್ನು ನೋಡಿ ಒಡನಾಡಿಗಳು ನಕ್ಕ ಪ್ರಸಂಗವು ಆದಿಪರ್ವದಲ್ಲಿದೆ. ಅದನ್ನು ಭೀಷ್ಮನಿಗೆ ಹೇಳುವವನು ದ್ರೋಣನೆಂಬುದು ಗಮನಾರ್ಹ. ಮಗನು ಮರೆಯಬಹುದಾಗಿದ್ದ ಅವಮಾನವನ್ನು ತಂದೆಯು ಮರೆಯಲಿಲ್ಲ. ದ್ರುಪದನ ಮೇಲಣ ಹಗೆಯೊಡನೆ ಅದನ್ನೂ ಬೆಳೆಸಿದನು. ಅವಮಾನಕ್ಕೆ ಪ್ರತೀಕಾರವೇ ಉತ್ತರವೆಂಬ ಪಾಠವು ಮಗನಿಗೆ ಅಸ್ತ್ರವಿದ್ಯೆಯೊಡನೆಯೇ ಲಭಿಸಿತು.

ಆದರೂ ಕಾರಣವನ್ನರಿಯುವುದು ಬೇರೆ, ಅಪರಾಧವನ್ನು ಮನ್ನಿಸುವುದು ಬೇರೆ. ದಾಸೀಪುತ್ರನೆಂದು ರಾಜ್ಯವಂಚಿತನಾದ ವಿದುರನು ಧರ್ಮಜ್ಞನೇ ಆದನಲ್ಲವೆ? ಕಾವ್ಯವೂ ಅಶ್ವತ್ಥಾಮನ ಶಿರೋಮಣಿಯನ್ನು ಕಳೆದು ಶಾಪವನ್ನೇ ವಿಧಿಸಿತು.

ಹೊನ್ನಾಳಿ ಸೀಮೆಯ ಗೃಹಸ್ಥರು ಈ ಎರಡು ಪರ್ವಗಳನ್ನು ಕೂಡಿಸಿ ಓದಲಿ. ಮಕ್ಕಳೆದುರು ಹಳೆಯ ಹಗೆಯನ್ನು ಆಡುವ ಮುನ್ನ ನಾಲಗೆಯನ್ನು ತಡೆಯಲಿ.