ಕುತ್ತಿಗೆ ನೆಟ್ಟಗಾಯಿತು, ಮುಖ?

ಹುಟ್ಟಿನಿಂದಲೇ ಕುತ್ತಿಗೆ ವಾಲಿದ ಮಗುವಿನ ಶಸ್ತ್ರಚಿಕಿತ್ಸೆಯನ್ನು ಕುರಿತ ಬರಹಗಳಲ್ಲಿ ಸಾಮಾನ್ಯವಾಗಿ ಎರಡು ಚಿತ್ರಗಳಿರುತ್ತವೆ: ‘ಮೊದಲು’ ಮತ್ತು ‘ನಂತರ’. ಎರಡನೆಯದರಲ್ಲಿ ತಲೆ ನೆಟ್ಟಗಿರುತ್ತದೆ. ಮುಖವೂ ಸರಿಹೋಯಿತೆಂದು ಓದುಗರು ಭಾವಿಸುತ್ತಾರೆ. ಎರಡು ಬೇರೆ ಸಂಗತಿಗಳನ್ನು ಈ ಚಿತ್ರಗಳು ಒಂದೇ ಎಂಬಂತೆ ತೋರಿಸುತ್ತವೆ ಎಂಬುದು ನಮ್ಮ ಆಕ್ಷೇಪ.

ಕಿವಿಯ ಹಿಂದಿನ ಎಲುಬಿನಿಂದ ಎದೆಮೂಳೆ ಹಾಗೂ ಕೊರಳೆಲುಬಿಗೆ ಇಳಿಯುವ ಸ್ಟರ್ನೋಕ್ಲೈಡೋಮ್ಯಾಸ್ಟಾಯ್ಡ್ ಸ್ನಾಯು ಒಂದು ಬದಿಯಲ್ಲಿ ನಾರುಗಟ್ಟಿ ಗಿಡ್ಡವಾದರೆ ತಲೆ ಆ ಬದಿಗೆ ವಾಲುತ್ತದೆ, ಗದ್ದ ಎದುರು ಬದಿಗೆ ತಿರುಗುತ್ತದೆ. ಇದೇ ಜನ್ಮಜಾತ ಟಾರ್ಟಿಕಾಲಿಸ್. ಮೊದಲ ವರ್ಷದಲ್ಲಿ ಸ್ನಾಯುವನ್ನು ಹಿಗ್ಗಿಸುವ ವ್ಯಾಯಾಮದಿಂದಲೇ ಬಹುಪಾಲು ಕೂಸುಗಳು ಗುಣವಾಗುತ್ತವೆ. ವರ್ಷ ಕಳೆದ ಮೇಲೆ ವ್ಯಾಯಾಮವೊಂದೇ ಫಲಿಸುವುದು ಅಪರೂಪವೆಂದು 1982ರಲ್ಲಿ ಕೆನೇಲ್ ಮತ್ತು ಸಂಗಡಿಗರು ವರದಿ ಮಾಡಿದರು. ಅಂಥ ಮಕ್ಕಳಿಗೆ ಸ್ನಾಯುವನ್ನು ಕತ್ತರಿಸಿ ಬಿಡಿಸಬೇಕಾಗುತ್ತದೆ. ಅಷ್ಟರಲ್ಲಿ ವಾಲಿದ ಬದಿಯ ಕೆನ್ನೆ ಚಪ್ಪಟೆಯಾಗಿ, ಕಣ್ಣು ಹಾಗೂ ಬಾಯಿಯ ಮೂಲೆ ತಗ್ಗಿರಬಹುದು.

ಶಸ್ತ್ರಚಿಕಿತ್ಸೆ ಸ್ನಾಯುವನ್ನಷ್ಟೇ ಸಡಿಲಿಸುತ್ತದೆ. ಮುಖವನ್ನು ತಿದ್ದುವುದು ಮುಂದಿನ ಬೆಳವಣಿಗೆ. ತಲೆಬುರುಡೆಯ ಹೆಚ್ಚಿನ ಬೆಳವಣಿಗೆ ಆರು ವರ್ಷದೊಳಗೇ ಮುಗಿಯುತ್ತದೆ. ಕೆಳದವಡೆ ಹದಿಹರೆಯದವರೆಗೂ ಬೆಳೆಯುತ್ತದೆ. ಹಾಗಾಗಿ ಬೇಗ ಬಿಡಿಸಿದಷ್ಟೂ ಮುಖಕ್ಕೆ ಲಾಭ. ತಡವಾದರೂ ಕುತ್ತಿಗೆಯ ಚಲನೆ ಸುಧಾರಿಸುತ್ತದೆ, ಆದ್ದರಿಂದ ಚಿಕಿತ್ಸೆ ವ್ಯರ್ಥವಲ್ಲ. ಮುಖ ಪೂರ್ತಿ ಸಮವಾದೀತೆಂಬ ಭರವಸೆ ಮಾತ್ರ ಸಲ್ಲದು.

ಹಾಗಾದರೆ ಚಿತ್ರಗಳನ್ನು ಹೇಗೆ ಓದಬೇಕು? ನೇರ ಎದುರಿನಿಂದ ತೆಗೆದ ಚಿತ್ರದಲ್ಲಿ ಎರಡೂ ಕಣ್ಣುಗಳ ಹೊರ ಮೂಲೆಗಳನ್ನು ಕೂಡಿಸಿ ಒಂದು ಗೆರೆ, ಬಾಯಿಯ ಎರಡು ಮೂಲೆಗಳನ್ನು ಕೂಡಿಸಿ ಇನ್ನೊಂದು ಗೆರೆ ಎಳೆಯಿರಿ. ತಲೆ ಕೇವಲ ವಾಲಿದ್ದರೆ ಎರಡೂ ಗೆರೆಗಳು ಒಟ್ಟಿಗೆ ಓರೆಯಾಗುತ್ತವೆ, ಆದರೆ ಸಮಾಂತರವಾಗಿಯೇ ಇರುತ್ತವೆ. ಮುಖವೇ ಓರೆಯಾಗಿದ್ದರೆ ಅವುಗಳ ನಡುವೆ ಕೋನ ಮೂಡುತ್ತದೆ. ಮೊದಲನೆಯದು ಶಸ್ತ್ರಚಿಕಿತ್ಸೆಯಿಂದ ಬೇಗ ಸರಿಹೋಗಬಹುದು. ಎರಡನೆಯದಕ್ಕೆ ವರ್ಷಗಳು ಬೇಕು. ಒಂದೇ ದೂರ, ಒಂದೇ ಎತ್ತರದಿಂದ ತೆಗೆಯದ, ಮಗುವಿನ ವಯಸ್ಸು ನಮೂದಿಸದ ಜೋಡಿ ಚಿತ್ರಗಳು ಪುರಾವೆಯಾಗಲಾರವು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಶಿಕ್ಷಕರಿಗೆ ಇದು ಬರಿಯ ರೇಖಾಗಣಿತವಲ್ಲ. ಇಲ್ಲಿಯವರು ತಜ್ಞರನ್ನು ಕಾಣಲು ಬೆಳಗಾವಿ, ಮೀರಜ್ ಇಲ್ಲವೆ ಕೊಲ್ಹಾಪುರಕ್ಕೆ ಹೋಗಬೇಕಾಗುತ್ತದೆ. ‘ನಂತರ’ದ ಚಿತ್ರ ನಂಬಿ ಎಲ್ಲ ಮುಗಿಯಿತೆಂದುಕೊಂಡರೆ ಕೂಲಿ ಬಿಟ್ಟು, ಬಸ್ಸು ಹಿಡಿದು ಮತ್ತೆ ತಪಾಸಣೆಗೆ ಹೋಗುವವರಾರು? ವ್ಯಾಯಾಮ ನಿಂತರೆ ಸ್ನಾಯು ಮತ್ತೆ ಬಿಗಿಯಬಹುದು.

ಇನ್ನೊಂದು ಕೊರತೆಯೂ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ತನ್ನ ಮೂಲ ಪಟ್ಟಿಯಲ್ಲಿ 9 ಜನ್ಮಜಾತ ದೋಷಗಳನ್ನು ಹೆಸರಿಸಿತು. ಸೀಳುತುಟಿ, ತಿರುಚುಪಾದಗಳು ಅದರಲ್ಲಿವೆ. ವಾಲಿದ ಕುತ್ತಿಗೆ ಇಲ್ಲ. ಪಟ್ಟಿಯಲ್ಲಿಲ್ಲದ್ದು ಕಣ್ಣಿಗೂ ಬೀಳದೆ ಹೋಗಬಹುದು. ಅಂಗನವಾಡಿಯಲ್ಲೇ ಗುರುತಿಸಿದರೆ ಬೆಳವಣಿಗೆಯ ಅಮೂಲ್ಯ ವರ್ಷಗಳು ಉಳಿಯುತ್ತವೆ.

ಎಚ್ಚರಿಕೆಯ ಮಾತೊಂದು: ವಾಲಿದ ಕುತ್ತಿಗೆಗೆಲ್ಲ ಸ್ನಾಯುವೇ ಕಾರಣವಲ್ಲ. ಕ್ಲಿಪೆಲ್ ಮತ್ತು ಫೀಲ್ 1912ರಲ್ಲಿ ವಿವರಿಸಿದಂತೆ ಕುತ್ತಿಗೆಯ ಕಶೇರುಗಳು ಬೆಸೆದುಕೊಂಡಿರಬಹುದು; ಕಣ್ಣಿನ ಸ್ನಾಯುವಿನ ದೌರ್ಬಲ್ಯವೂ ಇರಬಹುದು. ನಿರ್ಣಯ ವೈದ್ಯರದು. ಗಮನಿಸಿ ಕಳುಹಿಸುವುದು ನಮ್ಮದು.